‘ದಿ ಕೆ ಅಂಡ್ ಡಿ ಸೆಷನ್ಸ್’ ಆಲ್ಬಂ: ಪದೇ ಪದೇ ಕೇಳುವ ಪ್ರಶ್ನೆಗಳು

ಎಲೆಕ್ಟ್ರಾನಿಕ್ ಸಂಗೀತವನ್ನು ಹೊಸದಾಗಿ ಕೇಳತೊಡಗಿದವರು ಈ ಆಲ್ಬಂ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿ ಉತ್ತರಿಸಲಾಗಿದೆ. ಎರಡು ಪ್ರಶ್ನೆಗಳಿಗೆ, ಅಂದರೆ ಈ ಆಲ್ಬಂ ನಿಜಕ್ಕೂ ಯಾರದು ಎಂಬುದಕ್ಕೆ ಮತ್ತು ಇದು ಬರಿಯ ಹಿನ್ನೆಲೆ ಸಂಗೀತವೇ ಎಂಬುದಕ್ಕೆ, ಉತ್ತರ ಸ್ವಲ್ಪ ದೀರ್ಘವಾಗಿದೆ. ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಆ ಎರಡರಲ್ಲಿಯೇ.

ಇದು ಯಾವ ಆಲ್ಬಂ? ಯಾರು ಮಾಡಿದ್ದು?

ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದ ಪೀಟರ್ ಕ್ರೂಡರ್ ಮತ್ತು ರಿಚರ್ಡ್ ಡೋರ್ಫ್‌ಮೈಸ್ಟರ್ ಎಂಬ ಜೋಡಿ ಬೇರೆ ಬೇರೆ ಕಲಾವಿದರ ಹಾಡುಗಳಿಗೆ ಮಾಡಿದ ರೀಮಿಕ್ಸ್‌ಗಳ ಸಂಗ್ರಹವಿದು. ಬರ್ಲಿನ್ ನಗರದ ಸ್ಟುಡಿಯೋ ಕೆ7 ಸಂಸ್ಥೆ 1998ರಲ್ಲಿ ಇದನ್ನು ಎರಡು ಸಿ.ಡಿ.ಗಳಾಗಿ ಹೊರತಂದಿತು. ಮೊದಲ ಸಿ.ಡಿ.ಯಲ್ಲಿ 10, ಎರಡನೆಯದರಲ್ಲಿ 11, ಹೀಗೆ ಒಟ್ಟು 21 ಹಾಡುಗಳಿದ್ದು, ಪೂರ್ತಿ ಕೇಳಲು ಸುಮಾರು ಎರಡು ಗಂಟೆ ಬೇಕು. ಹೆಸರಿನಲ್ಲಿರುವ ‘ಕೆ’ ಮತ್ತು ‘ಡಿ’ ಇಬ್ಬರ ಅಡ್ಡಹೆಸರುಗಳ ಮೊದಲ ಅಕ್ಷರಗಳು.

ಬಹುತೇಕ ಹಾಡುಗಳು ಬೇರೆಯವರವು. ಹಾಗಿರುವಾಗ ಇದನ್ನು ಈ ಇಬ್ಬರ ಆಲ್ಬಂ ಎನ್ನುವುದು ನ್ಯಾಯವೇ?

ನ್ಯಾಯವೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಪ್ರಶ್ನೆ ಸಹಜವಾದುದರಿಂದ ಕಾರಣಗಳನ್ನು ಬಿಡಿಸಿ ಹೇಳುವುದು ಒಳ್ಳೆಯದು.

ಈ ಆಲ್ಬಂನಲ್ಲಿ ಯಾರು ಯಾರಿದ್ದಾರೆ ನೋಡಿ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ, ಡ್ರಮ್ ಅಂಡ್ ಬೇಸ್ ಎಂಬ ವೇಗದ ತಾಳದ ಶೈಲಿಯ ಸಂಗೀತಗಾರ ರೋನಿ ಸೈಜ್, ಬರ್ಮಿಂಗ್‌ಹ್ಯಾಮ್‌ನ ಡಬ್ ಶೈಲಿಯ (ಅದರ ವಿವರ ಮುಂದಿದೆ) ತಂಡ ರಾಕರ್ಸ್ ಹೈ‌ಫೈ, ಮ್ಯಾಂಚೆಸ್ಟರಿನ ಲ್ಯಾಂಬ್, ಬೆಲ್‌ಫಾಸ್ಟ್‌ನ ಡೇವಿಡ್ ಹೋಮ್ಸ್, ಅಮೆರಿಕದ ಕ್ಲೀವ್‌ಲ್ಯಾಂಡಿನ ರ‍್ಯಾಪ್ ತಂಡ ಬೋನ್ ಥಗ್ಸ್ ಎನ್ ಹಾರ್ಮನಿ, ರಾಕ್ ಮತ್ತು ಸಿಂಥ್ ಪಾಪ್‌ನಲ್ಲಿ ಆ ವೇಳೆಗಾಗಲೇ ವಿಶ್ವವಿಖ್ಯಾತವಾಗಿದ್ದ ಡಿಪೆಷ್ ಮೋಡ್, ಜೊತೆಗೆ ವಿಯೆನ್ನಾದವರೇ ಆದ ಸೋಫಾ ಸರ್ಫರ್ಸ್ ಮತ್ತು ಆಫ್ರೋಡೆಲಿಕ್ಸ್. ಇವರ ಮೂಲ ಧ್ವನಿಮುದ್ರಣಗಳನ್ನು ಒಂದರ ಹಿಂದೆ ಒಂದರಂತೆ ಹಾಕಿದರೆ ಅದು ರೇಡಿಯೋ ಕಾರ್ಯಕ್ರಮದಂತೆ ಕೇಳಿಸುತ್ತದೆಯೇ ಹೊರತು ಒಂದು ಕೃತಿಯಂತೆ ಅಲ್ಲ. ಈ ಆಲ್ಬಂನಲ್ಲಾದರೋ ಮೊದಲ ಹಾಡಿನಿಂದ ಕೊನೆಯದರವರೆಗೆ ಒಂದೇ ಕೋಣೆಯಲ್ಲಿ ಕುಳಿತಿರುವ ಭಾವ ಬರುತ್ತದೆ. ಹಾಡುವವರು ಬಂದು ಹೋಗುತ್ತಾರೆ, ಭಾಷೆಯ ಬನಿ ಬದಲಾಗುತ್ತದೆ, ಆದರೆ ಕೋಣೆ ಬದಲಾಗುವುದಿಲ್ಲ. ಆ ಕೋಣೆಯನ್ನು ಕಟ್ಟಿದವರು ಕ್ರೂಡರ್ ಮತ್ತು ಡೋರ್ಫ್‌ಮೈಸ್ಟರ್.

ನಮ್ಮ ದಾಸರ ಪದಗಳ ವಿಷಯವನ್ನು ನೆನೆದರೆ ಇದು ಇನ್ನಷ್ಟು ಸ್ಪಷ್ಟವಾದೀತು. ಅನೇಕ ಪದಗಳ ಮೂಲ ಧಾಟಿ ನಮಗೆ ಉಳಿದುಬಂದಿಲ್ಲವಾದ್ದರಿಂದ, ಒಂದೇ ಪದವನ್ನು ಒಬ್ಬ ಗಾಯಕರು ಒಂದು ರಾಗದಲ್ಲಿ, ಮತ್ತೊಬ್ಬರು ಬೇರೊಂದು ರಾಗದಲ್ಲಿ ಹಾಡುತ್ತಾರೆ. ಸಾಹಿತ್ಯ ದಾಸರದೇ ಆದರೂ ಆ ಹೊತ್ತಿನ ಕಚೇರಿ ಗಾಯಕರದೆಂದು ಒಪ್ಪುವುದಕ್ಕೆ ನಮಗೆ ಯಾವ ಅಡ್ಡಿಯೂ ಇಲ್ಲ. ರೀಮಿಕ್ಸ್‌ನಲ್ಲಿ ಒಂದು ವ್ಯತ್ಯಾಸವಿದೆ. ಅಲ್ಲಿ ಸಾಹಿತ್ಯ ಉಳಿದು ಕಂಠ ಬದಲಾಗುತ್ತದೆ. ಇಲ್ಲಿ ಮೂಲ ಗಾಯಕರ ಕಂಠವೇ ಉಳಿದು, ಅದರ ಕೆಳಗಿನ ನೆಲ ಬದಲಾಗುತ್ತದೆ. ಹಾಗಾಗಿ ರೀಮಿಕ್ಸ್ ಮಾಡುವವರಿಗೆ ಜವಾಬ್ದಾರಿ ಹೆಚ್ಚು. ಮೂಲ ಗಾಯಕರು ಇಲ್ಲದಾಗ ಅವರ ದನಿಯನ್ನು ಹೊಸ ಮನೆಗೆ ಕರೆದೊಯ್ಯುತ್ತಿದ್ದೇವೆಂಬ ಎಚ್ಚರ ಬೇಕು. ಈ ಜೋಡಿಯಲ್ಲಿ ಆ ಎಚ್ಚರ ಎದ್ದು ಕಾಣುತ್ತದೆ. ಪ್ರತಿ ಹಾಡಿನ ಮುಂದೆಯೂ ಮೊದಲು ಮೂಲ ಕಲಾವಿದರ ಹೆಸರು, ನಂತರ ಹಾಡಿನ ಹೆಸರು, ಅದಾದ ಮೇಲಷ್ಟೇ ಇವರ ರೀಮಿಕ್ಸ್‌ನ ಹೆಸರು ಬರುತ್ತದೆ.

ನಮ್ಮಲ್ಲಿ ‘ರೀಮಿಕ್ಸ್’ ಎಂದರೆ ಹಳೆಯ ಸಿನಿಮಾ ಹಾಡಿಗೆ ಜೋರು ತಾಳ ಸೇರಿಸುವುದು. ಇದೂ ಅದೇ ತಾನೇ?

ಅಲ್ಲ. ಈ ಗೊಂದಲಕ್ಕೆ ಕಾರಣ ಒಂದೇ ಪದ ಎರಡು ಕೆಲಸಗಳಿಗೆ ಬಳಕೆಯಾಗುತ್ತಿರುವುದು. ನಮ್ಮಲ್ಲಿ ರೀಮಿಕ್ಸ್ ಎಂಬ ಹೆಸರಿನಲ್ಲಿ ಬರುವ ಎಷ್ಟೋ ಹಾಡುಗಳಲ್ಲಿ ಬೇರೆ ಗಾಯಕರು ಹಳೆಯ ಹಾಡನ್ನು ಹೊಸದಾಗಿ ಹಾಡಿರುತ್ತಾರೆ; ಸರಿಯಾಗಿ ಹೇಳಬೇಕೆಂದರೆ ಅದು ಮರುಗಾಯನ. ಇನ್ನು ಕೆಲವು, ಮದುವೆ ಮೆರವಣಿಗೆಗೋ ಗಣೇಶೋತ್ಸವಕ್ಕೋ ಕುಣಿಯಲು ಅನುಕೂಲವಾಗುವಂತೆ ಮೂಲ ಹಾಡಿನ ಮೇಲೆ ತಾಳವನ್ನು ಹೇರಿದವು. ಅವುಗಳಿಗೂ ಅವುಗಳದೇ ಆದ ಸಂದರ್ಭವಿದೆ.

ಈ ಆಲ್ಬಂನ ರೀತಿ ಬೇರೆ. ಸ್ಟುಡಿಯೋದಲ್ಲಿ ಹಾಡೊಂದನ್ನು ಮುದ್ರಿಸುವಾಗ ಗಾಯನ, ಡ್ರಮ್, ಬೇಸ್ (ತಗ್ಗಿನ ಸ್ವರಗಳ ಭಾಗ), ಗಿಟಾರ್, ಕೀಬೋರ್ಡ್ ಎಲ್ಲವನ್ನೂ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಹಿಡಿದಿಡುತ್ತಾರೆ. ರೀಮಿಕ್ಸ್ ಮಾಡಿಸುವ ಕಂಪನಿ ಈ ಬಿಡಿ ಟ್ರ್ಯಾಕ್‌ಗಳನ್ನು ರೀಮಿಕ್ಸ್ ಮಾಡುವವರಿಗೆ ಕೊಡುತ್ತದೆ. ಅವರು ಬೇಕಾದುದನ್ನು ಇಟ್ಟುಕೊಂಡು, ಬೇಡವಾದುದನ್ನು ಕೆಳಗಿಟ್ಟು, ತಮ್ಮದನ್ನು ಸೇರಿಸುತ್ತಾರೆ. ಇವರಿಬ್ಬರ ವಿಶೇಷವೆಂದರೆ ಕೆಳಗಿಡುವುದು ಹೆಚ್ಚು. ಎಷ್ಟೋ ಕಡೆ ಮೂಲದ ಗಾಯನವಲ್ಲದೆ ಬೇರೇನೂ ಉಳಿದಿಲ್ಲ, ಕೆಲವೆಡೆ ಗಾಯನದ ಒಂದೆರಡು ಸಾಲುಗಳು ಮಾತ್ರ ಉಳಿದಿವೆ.

ಕ್ರೂಡರ್ ಮತ್ತು ಡೋರ್ಫ್‌ಮೈಸ್ಟರ್ ಅವರ ಹಿನ್ನೆಲೆ ಏನು?

ಇಬ್ಬರೂ ವಿಯೆನ್ನಾದಲ್ಲಿ ಹುಟ್ಟಿದವರು. ಕ್ರೂಡರ್ 1967ರಲ್ಲಿ, ಡೋರ್ಫ್‌ಮೈಸ್ಟರ್ 1968ರಲ್ಲಿ. ಡೋರ್ಫ್‌ಮೈಸ್ಟರ್ ಕೊಳಲು ಕಲಿತವರು. ಜೋಡಿಯಾಗಿ ಅವರು ಮೊದಲು ಹೊರತಂದದ್ದು 1993ರ ‘ಜಿ ಸ್ಟೋನ್ಡ್’ ಎಂಬ ನಾಲ್ಕು ಹಾಡುಗಳ ಮುದ್ರಿಕೆ. ಅದರ ಹೊದಿಕೆಯ ಚಿತ್ರ ಸೈಮನ್ ಅಂಡ್ ಗಾರ್ಫಂಕಲ್ ಜೋಡಿಯ 1968ರ ‘ಬುಕೆಂಡ್ಸ್’ ಆಲ್ಬಂನ ಪ್ರಸಿದ್ಧ ಕಪ್ಪು ಬಿಳುಪು ಚಿತ್ರವನ್ನು ಹೋಲುವಂತೆ ತೆಗೆದದ್ದು. ಇಬ್ಬರು ಗೆಳೆಯರು, ಮೆಲ್ಲನೆಯ ಸಂಗೀತ, ದೊಡ್ಡ ಜೋಡಿಯೊಂದಕ್ಕೆ ಸಲ್ಲಿಸಿದ ಪ್ರೀತಿಯ ನಮಸ್ಕಾರ: ಅವರ ಮುಂದಿನ ಕೆಲಸದ ಸ್ವಭಾವವೆಲ್ಲ ಆ ಒಂದು ಚಿತ್ರದಲ್ಲಿಯೇ ಇದೆ ಎನ್ನಬಹುದು.

ಅವರ ಸ್ವಂತ ಸಂಸ್ಥೆಯಾದ ಜಿ‌ ಸ್ಟೋನ್ ರೆಕಾರ್ಡಿಂಗ್ಸ್‌ಗೆ ಆ ಹೆಸರು ಬಂದದ್ದು ವಿಯೆನ್ನಾದ ಗ್ರುಂಡ್‌ಸ್ಟೈನ್‌ಗಾಸ್ಸೆ ಎಂಬ ಬೀದಿಯಿಂದ. ಮೊದಲ ಮುದ್ರಿಕೆಯ ಒಂದು ಹಾಡಿನ ಹೆಸರು ‘ಒರಿಜಿನಲ್ ಬೆಡ್‌ರೂಮ್ ರಾಕರ್ಸ್’, ಅಂದರೆ ಮಲಗುವ ಕೋಣೆಯಲ್ಲಿಯೇ ಸಂಗೀತ ಕಟ್ಟುವವರು. 1990ರ ದಶಕದ ಆರಂಭದ ವೇಳೆಗೆ, ಧ್ವನಿಯ ತುಣುಕುಗಳನ್ನು ಹಿಡಿದಿಟ್ಟು ಬೇಕಾದಂತೆ ನುಡಿಸುವ ಸ್ಯಾಂಪ್ಲರ್ ಯಂತ್ರಗಳು ಮನೆಗೆ ತರಬಹುದಾದಷ್ಟು ಅಗ್ಗವಾಗಿದ್ದವು; ಗಂಟೆಗೆ ಇಷ್ಟೆಂದು ಬಾಡಿಗೆ ಕೊಡಬೇಕಾದ ದೊಡ್ಡ ಸ್ಟುಡಿಯೋದ ಹಂಗಿಲ್ಲದೆ ಒಂದು ಹಾಡಿನ ಮೇಲೆ ವಾರಗಟ್ಟಲೆ ಕುಳಿತುಕೊಳ್ಳುವುದು ಸಾಧ್ಯವಾಗಿತ್ತು. ಈ ಆಲ್ಬಂನಲ್ಲಿ ಕೇಳಿಬರುವ ಅವಸರವಿಲ್ಲದ ಗುಣಕ್ಕೆ ಅದೂ ಒಂದು ಕಾರಣ.

ಇಂಥ ಸಂಗೀತ ಲಂಡನ್ನಿನಿಂದಲೋ ಬರ್ಲಿನ್ನಿನಿಂದಲೋ ಬರದೆ ವಿಯೆನ್ನಾದಿಂದ ಬಂದದ್ದು ಹೇಗೆ?

ವಿಯೆನ್ನಾ ಎಂದೊಡನೆ ಮೊಜಾರ್ಟ್, ಬೀಥೋವನ್, ಶೂಬರ್ಟ್ ನೆನಪಾಗುತ್ತಾರೆ. ಆದರೆ 1990ರ ದಶಕದಲ್ಲಿ ಅಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಪುಟ್ಟ ಬಳಗವೊಂದು ಚುರುಕಾಗಿತ್ತು. ಚೀಪ್, ಮೇಗೋ ಮೊದಲಾದ ಸ್ವತಂತ್ರ ಸಂಸ್ಥೆಗಳು ಹುಟ್ಟಿಕೊಂಡವು. ಆಸ್ಟ್ರಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆ 1995ರಲ್ಲಿ ಎಫ್‌ಎಂ4 ಎಂಬ ವಾಹಿನಿಯನ್ನು ಆರಂಭಿಸಿ ಹೊಸ ಸಂಗೀತಕ್ಕೆ ಜಾಗ ಕೊಟ್ಟಿತು. ಡಾನ್ಯೂಬ್ ಕಾಲುವೆಯ ದಂಡೆಯ ಫ್ಲೆಕ್ಸ್ ಕ್ಲಬ್ಬಿನಲ್ಲಿ ಡಬ್ ಸಂಗೀತಕ್ಕೆಂದೇ ಮೀಸಲಾದ ರಾತ್ರಿಗಳು ನಡೆಯುತ್ತಿದ್ದವು. ಲಂಡನ್ನಿನಂಥ ಊರಿನಲ್ಲಿ ಡ್ರಮ್ ಅಂಡ್ ಬೇಸ್ ಮಾಡುವವರು ಒಂದು ಗುಂಪು, ಹಿಪ್ ಹಾಪ್ ಮಾಡುವವರು ಇನ್ನೊಂದು ಗುಂಪು, ಜಾಝ್ ಪ್ರಿಯರು ಮತ್ತೊಂದು ಎಂದು ಗೆರೆಗಳು ಬೀಳುವಷ್ಟು ಜನರಿದ್ದರು. ಸಣ್ಣ ಬಳಗದಲ್ಲಿ ಎಲ್ಲರೂ ಎಲ್ಲವನ್ನೂ ಕೇಳಬೇಕಾಗುತ್ತದೆ. ಹೊಸ ಶೈಲಿಯೊಂದು ಹುಟ್ಟುವ ಕೇಂದ್ರದಿಂದ ಸ್ವಲ್ಪ ದೂರದಲ್ಲಿದ್ದುದರಿಂದಲೇ ಈ ಇಬ್ಬರಿಗೆ ಎಲ್ಲ ಶೈಲಿಗಳನ್ನೂ ಸಮಾನ ಗೌರವದಿಂದ ಕೇಳುವುದು ಸಾಧ್ಯವಾಯಿತೆಂದು ನಾನು ನಂಬುತ್ತೇನೆ.

‘ಡಬ್’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಇದಕ್ಕೂ ಸಿನಿಮಾ ಡಬ್ಬಿಂಗ್‌ಗೂ ಸಂಬಂಧವಿದೆಯೇ?

ಇಲ್ಲಿ ಡಬ್ ಎಂದರೆ ಕೆರಿಬಿಯನ್ ಸಮುದ್ರದ ದ್ವೀಪ ದೇಶ ಜಮೈಕಾದಲ್ಲಿ 1960ರ ದಶಕದ ಕೊನೆಯಿಂದ 1970ರ ದಶಕದಲ್ಲಿ ಬೆಳೆದ ಸಂಗೀತ ಪದ್ಧತಿ. ಅಲ್ಲಿ ರೆಗೇ ಎಂಬ ಸ್ಥಳೀಯ ಶೈಲಿಯ ಹಾಡೊಂದನ್ನು ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಮುದ್ರಿಸಿ, ಇನ್ನೊಂದು ಬದಿಯಲ್ಲಿ ಅದೇ ಹಾಡನ್ನು ಗಾಯನ ತೆಗೆದು ಕೊಡುವ ರೂಢಿ ಬಂತು. ಕಿಂಗ್ಸ್‌ಟನ್ ನಗರದಲ್ಲಿ ರೇಡಿಯೋ ಮತ್ತು ವಿದ್ಯುತ್ ಉಪಕರಣಗಳನ್ನು ರಿಪೇರಿ ಮಾಡುತ್ತಿದ್ದ ಕಿಂಗ್ ಟಬಿ ಬಿಡಿ ಟ್ರ್ಯಾಕುಗಳ ಧ್ವನಿಯನ್ನು ಹದಗೊಳಿಸಿ ಕೂಡಿಸುವ ತಮ್ಮ ಮಿಕ್ಸರನ್ನೇ ಒಂದು ವಾದ್ಯದಂತೆ ನುಡಿಸತೊಡಗಿದರು: ಗಾಯನದ ಒಂದು ಪದವನ್ನು ಬಿಟ್ಟು ಪ್ರತಿಧ್ವನಿಯಲ್ಲಿ ಕರಗಿಸುವುದು, ಡ್ರಮ್ಮನ್ನು ಹಠಾತ್ತನೆ ನಿಲ್ಲಿಸಿ ಬೇಸ್ ಒಂದನ್ನೇ ನಡೆಸುವುದು, ಮತ್ತೆ ಎಲ್ಲವನ್ನೂ ಒಟ್ಟಿಗೆ ಒಳಗೆ ಕರೆಯುವುದು. ಲೀ ಸ್ಕ್ರ್ಯಾಚ್ ಪೆರಿ ಈ ಪದ್ಧತಿಯ ಇನ್ನೊಬ್ಬ ಮಹತ್ವದ ಕಲಾವಿದ. ಇಂದಿನ ರೀಮಿಕ್ಸ್‌ನ ಬೇರು ಬಹುಮಟ್ಟಿಗೆ ಈ ಜಮೈಕಾದ ಕೆಲಸದಲ್ಲಿದೆ.

ಕ್ರೂಡರ್ ಮತ್ತು ಡೋರ್ಫ್‌ಮೈಸ್ಟರ್ ಡಬ್‌ನಿಂದ ಪಡೆದದ್ದು ಪ್ರತಿಧ್ವನಿಯ ತಂತ್ರವನ್ನಷ್ಟೇ ಅಲ್ಲ, ನಿಶ್ಶಬ್ದದ ಮೇಲಿನ ನಂಬಿಕೆಯನ್ನು. ತಂಬೂರಿಯ ನಾದ ಕಚೇರಿಯುದ್ದಕ್ಕೂ ಗಾಯಕರ ಮೌನವನ್ನು ಹೇಗೆ ತುಂಬಿ ಹಿಡಿಯುತ್ತದೆಯೋ ಹಾಗೆ ಇಲ್ಲಿ ಬೇಸ್ ಹಾಡಿನ ಖಾಲಿ ಜಾಗಗಳನ್ನು ಹೊತ್ತು ನಿಲ್ಲುತ್ತದೆ.

ಕೆಲವು ಹಾಡುಗಳು ಒಂದೇ ಹೊತ್ತಿಗೆ ವೇಗವಾಗಿಯೂ ನಿಧಾನವಾಗಿಯೂ ಕೇಳಿಸುತ್ತವೆ. ಇದು ಭ್ರಮೆಯೇ?

ಭ್ರಮೆಯಲ್ಲ, ಲೆಕ್ಕಾಚಾರ. ಡ್ರಮ್ ಅಂಡ್ ಬೇಸ್ ಶೈಲಿಯಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 160ರಿಂದ 175 ಬಡಿತಗಳಿರುತ್ತವೆ. ಹಿಪ್ ಹಾಪ್‌ನಲ್ಲಿ ಸುಮಾರು 80ರಿಂದ 95. ನಿಮಿಷಕ್ಕೆ 170 ಬಡಿತದ ಹಾಡಿನಲ್ಲಿ ಡ್ರಮ್ ಆ ವೇಗದಲ್ಲಿಯೇ ಓಡುತ್ತಿರಲಿ, ಬೇಸ್ ಮತ್ತು ಗಾಯನ ಅದರ ಅರ್ಧ, ಅಂದರೆ 85ರ ನಡಿಗೆಯಲ್ಲಿ ಸಾಗಲಿ; ಎರಡೂ ಒಂದಕ್ಕೊಂದು ಸರಿಯಾಗಿ ಕೂಡಿಕೊಳ್ಳುತ್ತವೆ. ಸರಳೆ ವರಸೆಯನ್ನು ಒಂದನೆಯ ಕಾಲ, ಎರಡನೆಯ ಕಾಲ, ಮೂರನೆಯ ಕಾಲಗಳಲ್ಲಿ ಹಾಡಿ ಕಲಿತವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ: ಕೈಯ ತಾಳ ಬದಲಾಗದೆ ಸ್ವರಗಳು ಇಮ್ಮಡಿಯಾಗುತ್ತವೆ.

ಆಸ್ಟ್ರಿಯಾದ ಆಸಿಡ್ ಜಾಝ್ ತಂಡವಾದ ಕೌಂಟ್ ಬೇಸಿಕ್‌ನ ‘ಸ್ಪೀಚ್‌ಲೆಸ್’ ಇದಕ್ಕೆ ಒಳ್ಳೆಯ ಉದಾಹರಣೆ. ಕೆಳಗೆ ಡ್ರಮ್ ಚುರುಕಾಗಿ ಓಡುತ್ತಿದ್ದರೂ ಗಾಯಕಿಯ ದನಿಗೆ ಯಾವ ಗಡಿಬಿಡಿಯೂ ತಟ್ಟುವುದಿಲ್ಲ. ತುಂಬಿ ಹರಿಯುವ ಹೊಳೆಯ ಮೇಲೆ ತೆಪ್ಪವೊಂದು ಅಲುಗದೆ ಸಾಗಿದಂತೆ ಅದು ಸಾಗುತ್ತದೆ. ಈ ಜೋಡಿ ಎಲ್ಲ ಹಾಡುಗಳನ್ನೂ ನಿಧಾನ ಮಾಡಿಬಿಡುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ ಎನ್ನುವುದಕ್ಕೂ ಇದೇ ಸಾಕ್ಷಿ.

ಡಿಪೆಷ್ ಮೋಡ್‌ನ ‘ಯೂಸ್‌ಲೆಸ್’ ರೀಮಿಕ್ಸ್ ಇಷ್ಟು ಪ್ರಸಿದ್ಧವಾದದ್ದು ಏಕೆ?

ಡಿಪೆಷ್ ಮೋಡ್ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಬ್ಯಾಸಿಲ್ಡನ್ ಊರಿನ ತಂಡ. ಅವರ ‘ಅಲ್ಟ್ರಾ’ ಆಲ್ಬಂ 1997ರಲ್ಲಿ ಬಂದಾಗ ತಂಡ ಕಷ್ಟದ ದಿನಗಳನ್ನು ದಾಟಿ ಬಂದಿತ್ತು: 1995ರಲ್ಲಿ ಅಲನ್ ವೈಲ್ಡರ್ ತಂಡವನ್ನು ತೊರೆದಿದ್ದರು, 1996ರಲ್ಲಿ ಗಾಯಕ ಡೇವ್ ಗಾನ್ ಮಾದಕ ವಸ್ತುವಿನ ಅತಿಸೇವನೆಯಿಂದ ಸಾವಿನ ಅಂಚಿಗೆ ಹೋಗಿ ಮರಳಿದ್ದರು. ಮಾರ್ಟಿನ್ ಗೋರ್ ಬರೆದ ‘ಯೂಸ್‌ಲೆಸ್’ ಆ ಆಲ್ಬಂನಲ್ಲಿ ಗಿಟಾರ್ ಮುಂದಾಳಾಗಿರುವ, ಬಿರುಸಾದ, ಆಪಾದನೆಯ ದನಿಯ ಹಾಡು.

ರೀಮಿಕ್ಸ್‌ನಲ್ಲಿ ಗಿಟಾರಿನ ಆ ಬಿರುಸು ಹಿಂದಕ್ಕೆ ಸರಿಯುತ್ತದೆ. ಮೊದಲು ತಾಳ ಮತ್ತು ಆಳವಾದ ಬೇಸ್ ಸಾಕಷ್ಟು ಹೊತ್ತು ನಡೆದು, ಕೇಳುಗರು ಆ ನಡಿಗೆಗೆ ಹೊಂದಿಕೊಂಡ ಮೇಲೆ ಗಾಯನ ಬರುತ್ತದೆ. ಅದೇ ಗಾಯನ, ಅದೇ ಪದಗಳು. ಆದರೆ ಮೂಲದಲ್ಲಿ ಎದುರಿಗಿರುವವರ ಮೇಲೆ ಎಸೆದಂತೆ ಕೇಳಿಸುತ್ತಿದ್ದ ಮಾತು ಇಲ್ಲಿ ನಡುರಾತ್ರಿ ತನಗೆ ತಾನೇ ಹೇಳಿಕೊಂಡಂತೆ ಕೇಳಿಸುತ್ತದೆ. ಕೋಪದ ಹಾಡಿನೊಳಗೆ ದಣಿವಿನ ಹಾಡೊಂದು ಅಡಗಿತ್ತೆಂಬುದನ್ನು ಇವರಿಬ್ಬರು ಕೇಳಿಸಿಕೊಂಡರು. ಒಳ್ಳೆಯ ರೀಮಿಕ್ಸ್ ಎಂದರೇನೆಂದು ಯಾರಾದರೂ ಕೇಳಿದರೆ, ಎರಡನ್ನೂ ಒಂದರ ಹಿಂದೆ ಒಂದು ಕೇಳಿ ಎಂದು ನಾನು ಹೇಳುತ್ತೇನೆ.

ಇದರಲ್ಲಿ ಇನ್ನೊಂದು ನಂಟೂ ಇದೆ. ‘ಅಲ್ಟ್ರಾ’ ಆಲ್ಬಂನ ನಿರ್ಮಾಪಕ ಟಿಮ್ ಸಿಮೆನಾನ್. ಬಾಂಬ್ ದ ಬೇಸ್ ಎಂಬ ಹೆಸರಿನಲ್ಲಿ ಸಂಗೀತ ಮಾಡುವವರೂ ಅವರೇ. ಆ ಹೆಸರಿನ ‘ಬಗ್ ಪೌಡರ್ ಡಸ್ಟ್’ ಹಾಡಿನ ರೀಮಿಕ್ಸ್ ಕೂಡ ಇದೇ ಆಲ್ಬಂನಲ್ಲಿದೆ.

‘ಬಗ್ ಪೌಡರ್ ಡಸ್ಟ್’ ಮತ್ತು ರಾಕರ್ಸ್ ಹೈಫೈ ತಂಡದ ‘ಗೋಯಿಂಗ್ ಅಂಡರ್’ ಎರಡೆರಡು ಬಾರಿ ಇರುವುದು ಏಕೆ?

ಮೇಲೆ ಹೇಳಿದ ಜಮೈಕಾದ ರೂಢಿಯೇ ಇದಕ್ಕೆ ಉತ್ತರ. ಮೊದಲ ಸಿ.ಡಿ.ಯಲ್ಲಿ ಹಾಡು, ಎರಡನೆಯದರಲ್ಲಿ ಅದರ ಡಬ್. ‘ಬಗ್ ಪೌಡರ್ ಡಸ್ಟ್’ನಲ್ಲಿ ಜಸ್ಟಿನ್ ವಾರ್‌ಫೀಲ್ಡ್ ಅಮೆರಿಕದ ಲೇಖಕ ವಿಲಿಯಂ ಬರೋಸ್ ಅವರ ಬರವಣಿಗೆಯ ಉಲ್ಲೇಖಗಳನ್ನು ತುಂಬಿ ರ‍್ಯಾಪ್ ಮಾಡುತ್ತಾರೆ, ಪದಗಳ ಸುರಿಮಳೆಯದು. ಡಬ್‌ನಲ್ಲಿ ಆ ಮಳೆ ನಿಂತು ನೀರು ತೊಟ್ಟಿಕ್ಕುವ ಸದ್ದು ಮಾತ್ರ ಉಳಿದಂತಿದೆ. ಮೊದಲ ಸಿ.ಡಿ.ಯ ನೆನಪಿನೊಂದಿಗೆ ಎರಡನೆಯದನ್ನು ಕೇಳಿದಾಗ, ಇಲ್ಲದ ಪದಗಳನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ. ಆದ್ದರಿಂದ ಎರಡೂ ಸಿ.ಡಿ.ಗಳನ್ನು ಕ್ರಮವಾಗಿ ಕೇಳುವುದು ಲೇಸು.

‘ಡೋನಾವೆಷಿಂಗನ್’ ಹಾಡಿನ ರೀಮಿಕ್ಸ್‌ಗೆ ಅಷ್ಟು ಉದ್ದದ ಹೆಸರು ಏಕೆ?

ರೈನರ್ ಟ್ರ್ಯೂಬಿ ಟ್ರಿಯೋ ಎಂಬ ಜರ್ಮನ್ ತಂಡದ ಈ ಹಾಡಿಗೆ ಕ್ರೂಡರ್ ಒಬ್ಬರೇ ಮಾಡಿದ ರೀಮಿಕ್ಸ್‌ನ ಹೆಸರು ಹೀಗಿದೆ: ಡೋನಾವ್‌ಡಾಂಪ್‌ಫ್‌ಶಿಫ್‌ಫಾರ್ಟ್ಸ್‌ಗೆಸೆಲ್‌ಶಾಫ್ಟ್ಸ್‌ಕಪಿಟೇನ್ಸ್‌ಕಯೂಟನ್‌ರೀಮಿಕ್ಸ್. ಬಿಡಿಸಿದರೆ ‘ಡಾನ್ಯೂಬ್ ಉಗಿಹಡಗು ಕಂಪನಿಯ ಕಪ್ತಾನನ ಕೋಣೆಯ ರೀಮಿಕ್ಸ್’ ಎಂದಾಗುತ್ತದೆ. ಜರ್ಮನ್ ಭಾಷೆಯಲ್ಲಿ ಪದಗಳನ್ನು ಒಂದಕ್ಕೊಂದು ಹೊಸೆದು ಎಷ್ಟು ಉದ್ದದ ಸಮಾಸವನ್ನಾದರೂ ಮಾಡಬಹುದು. ಡಾನ್ಯೂಬ್ ಉಗಿಹಡಗಿನ ಈ ಪದ ಅಲ್ಲಿನ ಮಕ್ಕಳಿಗೂ ಗೊತ್ತಿರುವ ನಾಲಗೆ ಹೊರಳಿಸುವ ಆಟ. ಸಂಸ್ಕೃತದ ದೀರ್ಘ ಸಮಾಸಗಳಿರುವ ಹಳಗನ್ನಡ ಚಂಪೂ ಕಾವ್ಯವನ್ನು ಗಟ್ಟಿಯಾಗಿ ಓದಿದವರಿಗೆ ಈ ಸಂತೋಷ ಅಪರಿಚಿತವೇನಲ್ಲ.

ಹೆಸರಿಗೆ ಅರ್ಥವೂ ಇದೆ. ಡೋನಾವೆಷಿಂಗನ್ ಜರ್ಮನಿಯ ಕಪ್ಪು ಅರಣ್ಯದ ಅಂಚಿನ ಊರು. ಅಲ್ಲಿ ಬ್ರಿಗಾಹ್ ಮತ್ತು ಬ್ರೆಗ್ ಎಂಬ ಎರಡು ಹೊಳೆಗಳು ಕೂಡಿ ಡಾನ್ಯೂಬ್ ಆಗುತ್ತವೆ. ನಮಗೆ ತಲಕಾವೇರಿ ಇದ್ದಂತೆ ಅವರಿಗೆ ಆ ಊರು. 1921ರಿಂದ ನಡೆದುಬಂದ ಹೊಸ ಸಂಗೀತದ ಉತ್ಸವಕ್ಕೂ ಅದು ಹೆಸರುವಾಸಿ. ಡಾನ್ಯೂಬ್ ಅಲ್ಲಿಂದ ಹೊರಟು ವಿಯೆನ್ನಾವನ್ನು ಹಾದು ಕಪ್ಪು ಸಮುದ್ರವನ್ನು ಸೇರುತ್ತದೆ. ನದಿಯ ಹುಟ್ಟಿನ ಹೆಸರಿನ ಹಾಡು ಹೊಳೆಯ ದಾರಿಯಲ್ಲಿ ಕೆಳಗಿರುವ ಊರಿನವರ ಕೈಗೆ ಬಂದಾಗ ಅವರು ಅದಕ್ಕೊಂದು ಉಗಿಹಡಗನ್ನು ಕೊಟ್ಟರು.

ಇದಕ್ಕೂ ಅವರ ‘ಡಿಜೆ ಕಿಕ್ಸ್’ ಆಲ್ಬಂಗೂ ಏನು ವ್ಯತ್ಯಾಸ?

‘ಡಿಜೆ ಕಿಕ್ಸ್’ ಸ್ಟುಡಿಯೋ ಕೆ7 ಸಂಸ್ಥೆಯ ಮಾಲಿಕೆ. ಕ್ರೂಡರ್ ಮತ್ತು ಡೋರ್ಫ್‌ಮೈಸ್ಟರ್ ಅವರ ಸಂಪುಟ 1996ರಲ್ಲಿ ಬಂತು. ಅದರಲ್ಲಿ ಇತರರ ಹಾಡುಗಳನ್ನು ಡಿಜೆಗಳು ಮಾಡುವಂತೆ ಆಯ್ದು, ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋಗಿದ್ದಾರೆ. ಅದು ಆಯ್ಕೆಯ ಮತ್ತು ಜೋಡಣೆಯ ಕೆಲಸ. ಅದೇ ವರ್ಷದ ‘ಕನ್ವರ್ಷನ್ಸ್’ ಕೂಡ ಅಂಥದೇ ಆಯ್ಕೆ. ‘ಸೆಷನ್ಸ್’ ಆಲ್ಬಂನಲ್ಲಿ ಪ್ರತಿ ಹಾಡಿನ ಒಳಗನ್ನೇ ಬಿಚ್ಚಿ ಮತ್ತೆ ಕಟ್ಟಲಾಗಿದೆ.

ಅವರ ಸ್ವಂತ ಹಾಡುಗಳು ಇದರಲ್ಲಿ ಒಂದೂ ಇಲ್ಲವೇ?

ಎರಡಿವೆ, ಎರಡೂ ಎರಡನೆಯ ಸಿ.ಡಿ.ಯಲ್ಲಿ: ‘ಬೂಗಿ ವೂಗಿ’ ಮತ್ತು ಆಲ್ಬಂನ ಕೊನೆಯಲ್ಲಿರುವ ‘ಲೆಕ್ಸಿಕನ್’. ಹೆಸರು ನೋಡದೆ ಕೇಳಿದರೆ ಇವು ರೀಮಿಕ್ಸ್‌ಗಳಲ್ಲವೆಂದು ಗೊತ್ತಾಗುವುದಿಲ್ಲ; ಬೇರೆಯವರ ಹಾಡುಗಳು ಎಷ್ಟರಮಟ್ಟಿಗೆ ಇವರದಾಗಿವೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಮಡೋನಾ ಹಾಡಿಗೆ ಮಾಡಿದ ರೀಮಿಕ್ಸ್ ಇದರಲ್ಲಿ ಏಕಿಲ್ಲ?

ಮಡೋನಾ ಅವರ ‘ನಥಿಂಗ್ ರಿಯಲಿ ಮ್ಯಾಟರ್ಸ್’ ಹಾಡಿನ ಇವರ ರೀಮಿಕ್ಸ್ ಬಿಡುಗಡೆಯಾದದ್ದು 1999ರಲ್ಲಿ, ಅಂದರೆ ಈ ಆಲ್ಬಂ ಬಂದ ಮೇಲೆ. ಆ ಹಾಡಿನ ನಿರ್ಮಾಪಕರಲ್ಲಿ ಒಬ್ಬರಾದ ವಿಲಿಯಂ ಆರ್ಬಿಟ್ ಮಾತ್ರ ಈ ಆಲ್ಬಂನಲ್ಲಿ ಬೇರೆ ರೂಪದಲ್ಲಿದ್ದಾರೆ, ಎರಡನೆಯ ಸಿ.ಡಿ.ಯ ‘ಮಿಲಿಯನ್ ಟೌನ್’ ಹಾಡಿನ ಸ್ಟ್ರೇಂಜ್ ಕಾರ್ಗೋ ಎಂಬುದು ಅವರದೇ ಯೋಜನೆ.

ಮಕ್ಕಳೊಂದಿಗೆ ಕೇಳಬಹುದೇ?

ಕೆಲವು ರ‍್ಯಾಪ್ ಹಾಡುಗಳಲ್ಲಿ ಬೈಗುಳವೂ ಮಾದಕ ವಸ್ತುಗಳ ಪ್ರಸ್ತಾಪವೂ ಇವೆ. ಹಿರಿಯರು ಮೊದಲು ತಾವೇ ಕೇಳಿ ನಿರ್ಧರಿಸುವುದು ಒಳ್ಳೆಯದು.

ಇಂಥ ರೀಮಿಕ್ಸ್ ಮಾಡಲು ಯಾರ ಅನುಮತಿ ಬೇಕು? ನಾನೂ ಒಂದು ಕನ್ನಡ ಹಾಡಿಗೆ ಹೀಗೆ ಮಾಡಬಹುದೇ?

ಒಂದು ಧ್ವನಿಮುದ್ರಿತ ಹಾಡಿನಲ್ಲಿ ಬೇರೆ ಬೇರೆ ಹಕ್ಕುಗಳಿರುತ್ತವೆ: ಸಾಹಿತ್ಯ ಮತ್ತು ಸಂಗೀತ ರಚನೆಯ ಹಕ್ಕು ಒಂದು ಕಡೆ, ಧ್ವನಿಮುದ್ರಣದ ಹಕ್ಕು ಇನ್ನೊಂದು ಕಡೆ. ರೀಮಿಕ್ಸ್‌ನಲ್ಲಿ ಮೂಲ ಧ್ವನಿಮುದ್ರಣವನ್ನೇ ಬಳಸುವುದರಿಂದ ಎಲ್ಲ ಹಕ್ಕುದಾರರ ಒಪ್ಪಿಗೆಯೂ ಬೇಕಾಗುತ್ತದೆ. ಸಾಮಾನ್ಯ ಪದ್ಧತಿಯಲ್ಲಿ ಕಂಪನಿಯೇ ರೀಮಿಕ್ಸ್ ಮಾಡಿಸಿ, ಅದಕ್ಕೆ ಇಷ್ಟೆಂದು ಸಂಭಾವನೆ ಕೊಟ್ಟು, ಆ ಮುದ್ರಣವನ್ನು ತನ್ನದಾಗಿಯೇ ಇಟ್ಟುಕೊಳ್ಳುತ್ತದೆ. ಹಾಗಾಗಿ ಹಲವು ಕಂಪನಿಗಳಿಗೆ ಮಾಡಿಕೊಟ್ಟ ರೀಮಿಕ್ಸ್‌ಗಳನ್ನು ಒಂದೇ ಆಲ್ಬಂನಲ್ಲಿ ತರಬೇಕಾದರೆ ಪ್ರತಿಯೊಂದಕ್ಕೂ ಮತ್ತೆ ಪರವಾನಗಿ ಪಡೆಯಬೇಕು. ಇಂಥ ಸಂಗ್ರಹಗಳು ಅಪರೂಪವಾಗಿರುವುದಕ್ಕೆ ಈ ಶ್ರಮವೂ ಒಂದು ಕಾರಣ.

ಭಾರತದಲ್ಲಿ 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯ್ದೆಯ 31ಸಿ ವಿಧಿಯು, ಮೂಲ ಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆದ ಹಾಡನ್ನು ನಿಗದಿತ ರಾಯಧನ ಕೊಟ್ಟು ಮತ್ತೆ ಹಾಡಿ ಮುದ್ರಿಸಲು ಅವಕಾಶ ಕೊಡುತ್ತದೆ. ಆದರೆ ಆ ಅವಕಾಶ ಮರುಗಾಯನಕ್ಕೆ ಮಾತ್ರ. ಹಾಡನ್ನು ಮನಸ್ಸಿಗೆ ಬಂದಂತೆ ಬದಲಿಸಲು, ಮೂಲ ಗಾಯಕರ ಮುದ್ರಿತ ದನಿಯನ್ನು ಬಳಸಲು ಅದು ಅನ್ವಯಿಸುವುದಿಲ್ಲ. ಮನೆಯಲ್ಲಿ ಅಭ್ಯಾಸಕ್ಕೆಂದು ಮಾಡಿ ಕಲಿಯುವುದು ಒಂದು ಮಾತು. ಸಾರ್ವಜನಿಕವಾಗಿ ಹೊರತರುವ ಮುನ್ನ ಹಕ್ಕುದಾರರಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಬೇಕು.

ಇದು ಹೋಟೆಲಿನ ಲಾಬಿಯಲ್ಲಿ ಹಾಕುವ ಹಿನ್ನೆಲೆ ಸಂಗೀತದಂತಿದೆ ಎನ್ನುತ್ತಾರಲ್ಲ?

ಈ ಮಾತು ನನಗೆ ಬೇಸರ ತರಿಸುತ್ತದೆ, ಆದರೂ ಅದು ಎಲ್ಲಿಂದ ಬಂತೆಂಬುದು ಅರ್ಥವಾಗುತ್ತದೆ. 1990ರ ದಶಕದ ಕೊನೆಯಿಂದ ‘ಕೆಫೆ ಡೆಲ್ ಮಾರ್’, ‘ಬುದ್ಧ ಬಾರ್’ ಮೊದಲಾದ ಹೆಸರುಗಳ ಸಂಗ್ರಹಗಳು ಸಾಲುಸಾಲಾಗಿ ಮಾರಾಟವಾದವು. ನಿಧಾನ ತಾಳ, ಮೃದುವಾದ ಬೇಸ್, ದೂರದಿಂದ ಕೇಳಿಬರುವ ಹೆಣ್ಣುದನಿ ಎಂಬ ಅಚ್ಚು ಸಿದ್ಧವಾಯಿತು. ಜಗತ್ತಿನ ಯಾವ ಊರಿನ ದೊಡ್ಡ ಹೋಟೆಲಿಗೆ ಹೋದರೂ ಒಂದೇ ಬಗೆಯ ಸಂಗೀತ. ಆ ಅಚ್ಚಿಗೆ ಬಂದುಬಿದ್ದ ಹಾಡುಗಳ ಗುಣವನ್ನು, ಅದಕ್ಕೂ ಮೊದಲು ಸ್ವಂತ ಕಿವಿಯಿಂದ ದುಡಿದವರ ಮೇಲೆ ಹೊರಿಸಲಾಯಿತು.

‘ಸೆಷನ್ಸ್’ ಆಲ್ಬಂ ಅನ್ನು ಗಮನವಿಟ್ಟು ಕೇಳಿದರೆ ಅದರಲ್ಲಿ ಹಿತಕ್ಕಿಂತ ಹೆಚ್ಚಾಗಿ ಒಂದು ಕತ್ತಲೆ ಇದೆ. ಬೋನ್ ಥಗ್ಸ್ ಎನ್ ಹಾರ್ಮನಿಯ ‘ಫಸ್ಟ್ ಆಫ್ ದ ಮಂತ್’ ಬಡವರ ಕೇರಿಗೆ ಸರ್ಕಾರದ ನೆರವಿನ ಚೆಕ್ ಬರುವ ತಿಂಗಳ ಮೊದಲ ದಿನದ ಹಾಡು. ಒಂದು ದಿನದ ಮಟ್ಟಿಗೆ ಕೈಯಲ್ಲಿ ಕಾಸಿರುವವರ ಸಂಭ್ರಮ ಅದು. ಡೇವಿಡ್ ಹೋಮ್ಸ್ ಅವರ ‘ಗಾನ್’ ಹಾಡಿನಲ್ಲಿ ಸಾರಾ ಕ್ರ್ಯಾಕ್‌ನೆಲ್ ಅವರ ತೆಳುವಾದ ದನಿ ಯಾರೋ ಬಿಟ್ಟುಹೋದ ಮನೆಯಲ್ಲಿ ಕೇಳಿಸುವಂತಿದೆ. ಇವು ಊಟದ ಮೇಜಿನ ಮಾತಿನ ನಡುವೆ ಕಳೆದುಹೋಗಲೆಂದು ಮಾಡಿದ ಹಾಡುಗಳಲ್ಲ. ಮೆಲ್ಲಗೆ ಮಾತನಾಡುವವರೆಲ್ಲರೂ ಹೇಳಲು ಏನೂ ಇಲ್ಲದವರು ಎಂದು ತಿಳಿಯುವುದು ಎಷ್ಟು ತಪ್ಪೋ ಇದೂ ಅಷ್ಟೇ ತಪ್ಪು.

ಎಲ್ಲಿಂದ ಆರಂಭಿಸಬೇಕು? ಹೇಗೆ ಕೇಳಬೇಕು?

ಮೊಬೈಲ್ ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ನಾನು ಮೊದಲ ಬಾರಿ ಹಾಗೆಯೇ ಕೇಳಿ, ಇದರಲ್ಲಿ ಏನಿದೆ ಎಂದು ಬದಿಗಿಟ್ಟಿದ್ದೆ. ಪುಟ್ಟ ಸ್ಪೀಕರುಗಳಿಗೆ ತಗ್ಗಿನ ಸ್ವರಗಳನ್ನು ಹೊರಡಿಸುವ ಶಕ್ತಿಯಿಲ್ಲ; ಈ ಆಲ್ಬಂನಲ್ಲಿ ಬೇಸ್ ತೆಗೆದರೆ ತಳಪಾಯವಿಲ್ಲದ ಗೋಡೆಗಳಷ್ಟೇ ಉಳಿಯುತ್ತವೆ. ಎಷ್ಟೋ ದಿನಗಳ ನಂತರ ರಾತ್ರಿ ಬಸ್ಸಿನಲ್ಲಿ, ಒಳ್ಳೆಯ ಹೆಡ್‌ಫೋನಿನಲ್ಲಿ, ದೀಪಗಳೆಲ್ಲ ಆರಿದ ಮೇಲೆ ಮತ್ತೆ ಹಾಕಿದಾಗ, ಮೊದಲ ಸಲ ಕೇಳಿದ ಆಲ್ಬಂ ಇದೇ ಎಂದು ನಂಬುವುದೇ ಕಷ್ಟವಾಯಿತು.

ಎರಡು ಗಂಟೆ ಬಿಡುವಿಲ್ಲದವರು ‘ಯೂಸ್‌ಲೆಸ್’, ‘ಸ್ಪೀಚ್‌ಲೆಸ್’, ‘ಗಾನ್’ ಮತ್ತು ಡೋರ್ಫ್‌ಮೈಸ್ಟರ್ ರೀಮಿಕ್ಸ್ ಮಾಡಿದ, ಸೋಫಾ ಸರ್ಫರ್ಸ್ ತಂಡದ ‘ಸೋಫಾ ರಾಕರ್ಸ್’ ಈ ನಾಲ್ಕನ್ನು ಮೊದಲು ಕೇಳಬಹುದು. ಸಾಧ್ಯವಾದರೆ ಮೂಲ ಹಾಡನ್ನೂ ಹುಡುಕಿ ಕೇಳಿ, ರೀಮಿಕ್ಸ್ ಕೇಳಿದ ನಂತರ. ಯಾವುದು ಉಳಿದಿದೆ, ಯಾವುದು ಹೋಗಿದೆ ಎಂದು ಗುರುತಿಸುತ್ತಾ ಹೋದಂತೆ ಇವರಿಬ್ಬರ ಮನಸ್ಸು ಕೆಲಸ ಮಾಡಿದ ರೀತಿ ತಾನಾಗಿ ತಿಳಿಯುತ್ತದೆ.

ಇದಾದ ಮೇಲೆ ಅವರು ಏನು ಮಾಡಿದರು?

ಇಬ್ಬರೂ ಬೇರೆ ಬೇರೆ ದಾರಿಗಳಲ್ಲಿ ದುಡಿದರು. ಡೋರ್ಫ್‌ಮೈಸ್ಟರ್ ತಮ್ಮ ಗೆಳೆಯ ರೂಪರ್ಟ್ ಹ್ಯೂಬರ್ ಜೊತೆ ಟೋಸ್ಕಾ ಎಂಬ ಜೋಡಿಯಲ್ಲಿ ಇದಕ್ಕೂ ಮೊದಲೇ ‘ಒಪೆರಾ’ (1997), ನಂತರ ‘ಸುಜುಕಿ’ (2000) ಮೊದಲಾದ ಆಲ್ಬಂಗಳನ್ನು ತಂದರು. ಕ್ರೂಡರ್ 1999ರಲ್ಲಿ ಪೀಸ್ ಆರ್ಕೆಸ್ಟ್ರಾ ಎಂಬ ಹೆಸರಿನಲ್ಲಿ ಒಂದು ಆಲ್ಬಂ ಮಾಡಿದರು.

ಜೋಡಿಯಾಗಿ ಸ್ವಂತ ಹಾಡುಗಳ ಪೂರ್ಣ ಆಲ್ಬಂ ಎಂಬುದು ಮಾತ್ರ ವರ್ಷಗಟ್ಟಲೆ ಬರಲೇ ಇಲ್ಲ. ಕೊನೆಗೆ 2020ರ ನವೆಂಬರಿನಲ್ಲಿ ಬಂದ ಆಲ್ಬಂನ ಹೆಸರು ‘1995’. ಅದು ಹೊಸದಾಗಿ ರಚಿಸಿದ್ದಲ್ಲ. 1995ರಲ್ಲಿ ಮಾಡಿ, ಬಿಡುಗಡೆ ಮಾಡದೆ ಬಿಟ್ಟಿದ್ದ ಹಾಡುಗಳನ್ನು ಹಳೆಯ ಡ್ಯಾಟ್ (ಡಿಜಿಟಲ್ ಧ್ವನಿಮುದ್ರಣದ) ಟೇಪುಗಳಿಂದ ಹೊರತೆಗೆದು ಸಿದ್ಧಪಡಿಸಿದ್ದು. ಬೇರೆಯವರ ಹಾಡುಗಳನ್ನು ಕೈಗೆತ್ತಿಕೊಂಡು ಹೆಸರಾಗುವುದಕ್ಕೆ ಮೊದಲೇ ತಮ್ಮದೊಂದು ಆಲ್ಬಂ ಅವರ ಬಳಿ ಇತ್ತು. ಅದು ಕೇಳುಗರನ್ನು ತಲುಪಲು 25 ವರ್ಷ ಹಿಡಿಯಿತು.